ಯಾವ ಕೇಸು

ಕೊಡಲು ಕೆಲಸ ಇಲ್ಲ ಅನ್ನುವವರ ಮೇಲೆ ಖುರ್ಷಿದಳಿಗೆ ಸಿಟ್ಟಿರಲಿಲ್ಲ. ಇಲ್ಲದಿದ್ದರೆ ಇಲ್ಲ ಅನ್ನಲಿ, ಪಾಪ. ಕೆಲಸ ಇಟ್ಟುಕೊಂಡೇ "ಯಾವ ಕೇಸು?" ಎಂದು ಕೇಳಿ, ಮೊರದಲ್ಲಿ ಕಾಳು ಆರಿಸಿದ ಹಾಗೆ ಮನುಷ್ಯರನ್ನು ಆರಿಸುವವರನ್ನು ಕಂಡರೆ ಮಾತ್ರ ಅವಳ ಮೈ ಉರಿಯುತ್ತಿತ್ತು.

ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಅವಳದೊಂದು ಹೊಲಿಗೆ ಅಂಗಡಿ. ಹಿಂದೆ ಜೈಲಿನ ಹೆಂಗಸರಿಗೆ ಹೊಲಿಗೆ ಕಲಿಸಲು ಹೋಗುತ್ತಿದ್ದವಳು, ಶಿಕ್ಷೆ ಮುಗಿಸಿ ಬಂದವರಿಗೆ ಕೆಲಸ ಹುಡುಕಿಕೊಡುವ ಉಸಾಬರಿಯನ್ನು ತಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದಳು. ಅವಳ ಬಂಡವಾಳ ಒಂದೇ. ಖುರ್ಷಿದಾಪಾ ಸುಳ್ಳು ಹೇಳುವುದಿಲ್ಲ ಎಂದು ಆಳಂದದಿಂದ ಜೇವರ್ಗಿಯವರೆಗಿನ ವ್ಯಾಪಾರಸ್ಥರು ನಂಬಿದ್ದರು.

ಆ ನಂಬಿಕೆಯ ಮೇಲೆಯೇ ಇಬ್ಬರನ್ನು ಕರೆದುಕೊಂಡು ಗುರುಶಾಂತ ಸಾಹುಕಾರರ ಬೇಳೆ ಮಿಲ್ಲಿಗೆ ಹೋದಳು. ಒಬ್ಬ ಹಿರೋಳ್ಳಿಯ ಮಾಳಿಂಗ. ಹೊಲದ ಒಡ್ಡಿನ ಜಗಳದಲ್ಲಿ ಸ್ವಂತ ಕಾಕಾನ ಮಗನನ್ನೇ ಕೊಡಲಿಯಿಂದ ಕಡಿದವನು. ಇನ್ನೊಬ್ಬ ಮಣ್ಣೂರಿನ ಚಂದಪ್ಪ. ಹೊಳೆದಂಡೆಯಿಂದ ಪಂಪ್‌ಸೆಟ್ಟಿನ ಮೋಟಾರು ಕದ್ದವನು.

"ಯಾವ ಕೇಸ್ರಿ?" ಎಂದರು ಸಾಹುಕಾರರು. ಖುರ್ಷಿದ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಸಾಹುಕಾರರು ಗಾದಿಯಿಂದ ಎದ್ದು ಬಂದು ಮಾಳಿಂಗನ ಬೆನ್ನು ತಟ್ಟಿದರು. "ಹೊಲದ ಸಲುವಾಗಿ ಕಡದಾನ. ಗಂಡಸು ಅಂದ್ರ ಇವ. ನಾಳಿಂದ ಗೇಟಿಗೆ ನಿಂದರಲಿ, ಒಂದು ನರಪಿಳ್ಳೆ ಒಳಗ ಬರಂಗಿಲ್ಲ."

ಮಾಳಿಂಗ ತಲೆ ಎತ್ತಲಿಲ್ಲ. ಸತ್ತವನ ಹೆಸರು ತೆಗೆದರೆ ಇವತ್ತಿಗೂ ಮುಂದಿಟ್ಟ ಊಟ ಬಿಟ್ಟು ಏಳುವ ಮನುಷ್ಯ ಅವನು. ಬೆನ್ನ ಮೇಲಿನ ಆ ಕೈಗೆ ಕುಗ್ಗಿ ಇನ್ನಷ್ಟು ಚಿಕ್ಕವನಾದ.

"ಮತ್ತ ಚಂದಪ್ಪ?" ಎಂದಳು ಖುರ್ಷಿದ.

"ಕಳ್ಳನ್ನ ತಂದು ಚೀಲದ ನಡುವ ಬಿಡು ಅಂತೀರೇನ್ರಿ ಆಪಾ?"

"ಮೋಟಾರ ಹೋದ್ರ ಇನ್ನೊಂದು ಬರ್ತದ ಸಾವ್ಕಾರ್ರ. ಹೋದ ಜೀವ ಬರ್ತದೇನ್ರಿ?"

"ಆ ಮಾತು ಬ್ಯಾರೆರಿ. ಖೂನ್ ಸಿಟ್ಟಿನ್ಯಾಗ ಆಗ್ತದ. ಕಳವು ರಕ್ತದಾಗ ಇರ್ತದ."

ಏನು ಹೇಳಬೇಕು ಇಂಥವರಿಗೆ! ರೈತರ ತೊಗರಿ ತೂಗುವಾಗ ಚೀಲಕ್ಕೆ ಇಷ್ಟಿಷ್ಟು ಒಳಗೆ ಹಾಕಿಕೊಳ್ಳುವ ಸಾಹುಕಾರರ ರಕ್ತದಲ್ಲಿ ಏನಿತ್ತೋ, ಅದನ್ನು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

ಅಫಜಲಪುರದಲ್ಲೂ ಅದೇ ರಾಗ. ಗ್ಯಾರೇಜಿನವನು, ಇಟ್ಟಿಗೆ ಭಟ್ಟಿಯವನು, ಕಿರಾಣಿಯವನು, ಎಲ್ಲರೂ ಕಳವು ಅಂದ ಕೂಡಲೇ ಮುಖ ತಿರುಗಿಸಿದರು. ಇತ್ತ ಚಂದಪ್ಪನ ಹೆಂಡತಿ ಸಕ್ಕುಬಾಯಿ ಗಂಟುಮೂಟೆ ಕಟ್ಟಿಟ್ಟಿದ್ದಳು. ದೀಪಾವಳಿಯೊಳಗೆ ಗಂಡ ದುಡಿಮೆ ಹಿಡಿಯದಿದ್ದರೆ ಮಕ್ಕಳ ಸಮೇತ ತವರಿಗೆ ಹೋಗುವವಳೇ.

ಹಬ್ಬಕ್ಕೆ ಇನ್ನೇನು ನಾಲ್ಕು ದಿನ ಇರುವಾಗ ಚಂದಪ್ಪ ಪೇಡೆಯ ಡಬ್ಬಿ ಹಿಡಿದು ಅಂಗಡಿಗೆ ಬಂದ. ಜೇವರ್ಗಿಯ ಕಲ್ಯಾಣಕುಮಾರ ಸಾಹುಕಾರರು ಅವನನ್ನು ಗೋದಾಮಿಗೆ ಹಚ್ಚಿಕೊಂಡಿದ್ದರು.

"ಮೋಟಾರಿನ ಮಾತು ಹೇಳಿದೇನು?"

"ಇಲ್ರಿ ಆಪಾ. ಖೂನ್ ಮಾಡೇನಿ ಅಂದೆ. ಕುರ್ಚಿ ಹಾಕಿ ಚಾ ಕುಡಿಸಿದ್ರು."

ಖುರ್ಷಿದ ಕತ್ತರಿ ಕೆಳಗಿಟ್ಟಳು. "ನನ್ನ ಹೆಸರು ಹೇಳಿಕೊಂಡು ಹೋಗಿ ಸುಳ್ಳು ಹೇಳಿದಿ? ನಡಿ, ಈಗಿಂದೀಗ ಹೋಗಿ ಖರೇ ಹೇಳು."

"ಖರೇ ಹೇಳಿಕೋತ ನಾವಿಬ್ರೂ ಎಷ್ಟು ಬಾಗಲಾ ತಿರಗಿದ್ವಿರಿ. ಒಂದರೆ ತೆರೀತೇನ್ರಿ?"

ಖುರ್ಷಿದ ಕತ್ತರಿ ಮತ್ತೆ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಫೋನು ಬಂತು. ಕಲ್ಯಾಣಕುಮಾರ ಸಾಹುಕಾರರೇ.

"ಆಪಾ, ನಿಮ್ಮ ಮಾತಿನ ಮ್ಯಾಲ ನನಗ ಭರೋಸಾ ಅದ. ಈ ಚಂದಪ್ಪಂದು ಕಳವು ಗಿಳವು ಅಲ್ಲ ಹೌದಿಲ್ಲೋ?"

ಚಂದಪ್ಪ ಬಿಚ್ಚದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ನಿಜ ಹೇಳಿದರೆ ಇವನ ಮನೆ ಮುರಿಯುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಾಳೆ ಜೈಲಿನಿಂದ ಬರುವವರಿಗೆಲ್ಲ ಅವಳ ಹೆಸರೇ ಬಾಗಿಲು ಮುಚ್ಚುತ್ತದೆ. ಬೆನ್ನು ತಟ್ಟಿಸಿಕೊಂಡು ಕುಗ್ಗಿದ್ದ ಮಾಳಿಂಗ ಅವಳ ಕಣ್ಣ ಮುಂದೆ ಬಂದ. ಸಿಟ್ಟು ನೆತ್ತಿಗೇರಿತು.

"ಕಳವು ಅಲ್ರಿ," ಎಂದಳು. "ಖೂನೇ ಮಾಡ್ಯಾನ."

"ಭಾಳ ಛಲೋ ಆತು ಬಿಡ್ರಿ. ಹಂಗಾರ ಗೋದಾಮಿನ ಚಾವಿ ಅವನ ಕೈಯಾಗೇ ಕೊಡ್ತೇನಿ."

ಅತ್ತ ಫೋನು ಇಟ್ಟಾಯಿತು. ಖುರ್ಷಿದ ಮಾತ್ರ ಇನ್ನೂ ಕಿವಿಗೆ ಹಿಡಿದೇ ಕೂತಿದ್ದಳು. ಯಾರನ್ನು ಕೊಂದಿದ್ದಾನೆ ಎಂದು ಆ ಮನುಷ್ಯ ಕೇಳಲೇ ಇಲ್ಲ.