ಸೋಮಮ್ಮನ ಪಯಣದ ಗಂಟು

"ಬೆಂಗಳೂರಿಂದ ಸಿಡ್ನಿಗೆ ಒಂಬತ್ ಸಾವ್ರದ ಮೇಲೆ ಕಿಲೋಮೀಟ್ರು ಕಣಮ್ಮಿ. ಅನ್ನೆರಡು ಗಂಟೆ ಗಾಳೀಲೇ ಇರ್ಬೇಕಂತೆ!" ನನ್ನ ವಾರಗಿತ್ತಿ ಸೋಮಮ್ಮ ಇದನ್ನು ಮಳವಳ್ಳಿ ಬಸ್‌ಸ್ಟ್ಯಾಂಡಿನವರೆಗೂ ಸಾರಿ ಬಂದಳು. ಮದ್ದೂರಿನ ಬಸ್ಸು ಹತ್ತಿದರೇ ವಾಂತಿ ಮಾಡಿಕೊಳ್ಳುವ ಹೆಂಗಸು! ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಬೀಳದೆ ಇನ್ನೇನು?

ಸಿಡ್ನಿಯಲ್ಲಿ ಅವಳ ಮಗಳು ಚಂದನ ತುಂಬು ಬಸುರಿ. ಬಾಣಂತನಕ್ಕೆ ತಾಯಿ ಹೋಗಬೇಕು, ನಿಜ. ಆದರೆ ಚಂದನ ಹುಟ್ಟಿದಾಗ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವಳು ಯಾರು? ಈ ನಾಗರತ್ನ. ಸೋಮಮ್ಮ "ಜಾರ್‌ಬುಡ್ತದೆ, ನನ್ ಕೈಲಾಗಕಿಲ್ಲ" ಎಂದು ಬಚ್ಚಲ ಬಾಗಿಲಲ್ಲೇ ನಿಂತಿದ್ದಳು. ನನಗೆ ಮಕ್ಕಳಾಗಲಿಲ್ಲ. ಕೇರಿಯ ಕೂಸುಗಳಿಗೆಲ್ಲ ನೀರೆರೆದೆ. ಚಂದನಳ ಕೂಸಿಗೂ ಎರೆಯಬೇಕು ಅನ್ನುವುದೊಂದೇ ಆಸೆ. ಬಂದದ್ದು ಮಾತ್ರ ಒಂದೇ ಟಿಕೆಟ್ಟು.

ವಿಮಾನ ಮಂಗಳವಾರ. ಮಂಗಳವಾರ ನಮ್ಮಲ್ಲಿ ಯಾರೂ ದೂರದ ಪಯಣ ಹೊರಡುವುದಿಲ್ಲ. ಅದಕ್ಕೇ ಸೋಮವಾರ ಬೆಳಿಗ್ಗೆ ಸೋಮಮ್ಮ ತನ್ನ ಬಟ್ಟೆಗಂಟು ತಂದು ನನ್ನ ಪಡಸಾಲೆಯಲ್ಲಿಟ್ಟಳು. ಒಳ್ಳೆ ಗಳಿಗೆಯಲ್ಲಿ ಗಂಟು ಬೇರೆ ಮನೆ ಸೇರಿದರೆ ಆವತ್ತೇ ಹೊರಟ ಲೆಕ್ಕ. ಅದು ತಿರುಗಿ ಅವಳ ಹೊಸ್ತಿಲು ದಾಟಿದರೆ ಪಯಣ ಕೆಟ್ಟ ಹಾಗೆ.

ಇಡಲು ನನ್ನ ಮನೆಯೇ ಬೇಕಿತ್ತೇ ಇವಳಿಗೆ? ಮಧ್ಯಾಹ್ನದವರೆಗೂ ಅದನ್ನು ನೋಡಿ ನೋಡಿ ಕುದ್ದೆ. ಕೊನೆಗೆ ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದೆ. ಇಲಿ ಕಾಟ ಅಂತ ನೆಪ ಹೇಳಿ ಅವಳ ನಡುಮನೆಯಲ್ಲಿ ಇಟ್ಟುಬಿಡುವುದು. ಆಮೇಲೆ ಅದು ಹೇಗೆ ಹಾರುತ್ತಾಳೋ ನೋಡೇಬಿಡೋಣ!

ಅವಳ ಹೊಸ್ತಿಲಿಗೆ ಕಾಲೆತ್ತಿದವಳು ಹಾಗೇ ನಿಂತೆ. ಸೋಮಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಲ ಮೇಲೆ ಬಟ್ಟೆ ಸುತ್ತಿದ ಗುಂಡುಕಲ್ಲು, ಕೈಯಲ್ಲಿ ಖಾಲಿ ಚೊಂಬು. ನೀರು ಹುಯ್ಯುವಂತೆ ಬಗ್ಗಿಸಿದಳು. ಕಲ್ಲು ದಡಕ್ಕನೆ ಉರುಳಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಕತ್ತಿನ ಕೆಳೀಕೆ ಕೈ ಕೊಡಕ್ಕಾ!" ನನ್ನ ಬಾಯಿ ತಡೆಯಲಿಲ್ಲ.

"ನಿನ್ನ ಕೇಳಾನ ಅಂದ್ರೆ ನಂಗ್ಯಾವ ಮೊಕ ಅದೆ, ನಾಗೂ? ವಿಮಾನ ಅಲ್ಲಿಗಂಟ ಇಳುಸ್ತದೆ. ಕೂಸ್ಗೆ ನೀರುಯ್ಯೋದ್ನ ಯಾರು ಕಲುಸ್ತಾರೆ?" ಕಣ್ಣೊರೆಸಿಕೊಂಡವಳು ಗಂಟು ಕಂಡು ಬೆಚ್ಚಿದಳು. "ಅಯ್ಯೋ, ಅದ್ನ್ಯಾಕೆ ತಂದೆ?"

"ಇಲಿ ಕಾಟ ಕಣಕ್ಕ. ಜಗಲಿ ಮೇಲೆ ಇಡಾನ ಅಂತ." ಗಂಟನ್ನು ಹೊರಗೇ ಇಟ್ಟು, ಒಳಗೆ ಹೋಗಿ ಅವಳ ಪಕ್ಕ ಕೂತೆ.

ಕತ್ತು ಹಿಡಿಯುವುದು, ಬೋರಲು ಮಲಗಿಸುವುದು, ಕಿವಿಗೆ ಅಂಗೈ ಮರೆ ಮಾಡುವುದು, ಒಂದನ್ನೂ ಬಚ್ಚಿಡದೆ ಕಲಿಸಿದೆ. ಸಂಜೆ ಹೊತ್ತಿಗೆ ಅವಳ ಕೈ ಕುದುರಿತು. ಕಲ್ಲು ಜಾರಲೇ ಇಲ್ಲ. ಆಗ ನನ್ನ ಹೊಟ್ಟೆ ಇನ್ನೂ ಜೋರಾಗಿ ಉರಿಯಿತು.

ಅವಳು ಕಲ್ಲನ್ನು ಎತ್ತಿಡಲು ಹೋದಳು.

"ಇರ್ಲಿ ಬುಡಕ್ಕ, ಇನ್ನೊಂದ್ಸಲ ನಾನೇ ಉಯ್ತೀನಿ," ಎಂದು ಕಾಲು ಚಾಚಿ ಕಲ್ಲನ್ನು ನನ್ನ ಕಡೆ ಎಳೆದುಕೊಂಡೆ. ಕೂಸು ಅವಳಿಗಿದೆ. ಕಲ್ಲಾದರೂ ನನಗಿರಲಿ.