ಸರುಬಾಯಿಯ ರಿಮೋಟು

ದಾಳಿಂಬ ಊರಿನ ಸರುಬಾಯಿಯ ಮನೆಯಲ್ಲಿ ಟೀವಿಯ ರಿಮೋಟು ಆಕೆಯ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ತೆರೆಯ ಮೇಲೆ ಗಂಡ ಹೆಂಡತಿ ಒಂದಿಷ್ಟು ಹತ್ತಿರ ಬಂದರೆ ಸಾಕು, "ಶಿವಶಿವಾ" ಎಂದು ಚಾನೆಲ್ ತಿರುಗಿಸುತ್ತಾಳೆ. ತಿರುಗಿಸಿದ ಕಡೆ ಯಾರೋ ಯಾರನ್ನೋ ಕೊಚ್ಚುತ್ತಿದ್ದರೆ ನಿಶ್ಚಿಂತೆಯಿಂದ ರೊಟ್ಟಿ ಮುರಿಯುತ್ತಾಳೆ. ಇದೇ ಸರುಬಾಯಿ ಮನೆಗೆ ಚೇಳು ಬಂದರೂ ಕೊಲ್ಲಗೊಡುವುದಿಲ್ಲ, ಇಕ್ಕಳದಲ್ಲಿ ಹಿಡಿದು ದೂರ ಬಿಟ್ಟು ಬರುತ್ತಾಳೆ. ಲಿಂಗ ಕಟ್ಟಿದ ಮನೆಯಲ್ಲಿ ಹಿಂಸೆ ಕೂಡದಂತೆ.

ಆ ದಿನ ಮಗ ಕೈಲಾಸ ಸೋಯಾ ಕೊಯ್ದು ಕುಡುಗೋಲು ಹಿಡಿದು ಮನೆಗೆ ಬಂದ. ಅವನ ಐದು ವರ್ಷದ ಮಗಳು ಮೀನಲ ನೋಡಿದ್ದೇ ಚೀರಿ ಮಂಚದ ಕೆಳಗೆ ಸೇರಿದಳು. ಕುಡುಗೋಲು ಹೊರಗಿಟ್ಟು ಕರೆದರೂ ಬರಲಿಲ್ಲ. ದಿನಾ ಅಪ್ಪನ ಕೊರಳಿಗೆ ಜೋತುಬೀಳುವ ಹುಡುಗಿ. ಕೈಲಾಸನ ಮುಖ ಸಣ್ಣದಾಯಿತು.

ಉದಗೀರಿನಲ್ಲಿ ಅಂಗನವಾಡಿ ನಡೆಸುವ ಸರುಬಾಯಿಯ ಮಗಳು ಯೋಗಿತಾ ತವರಿಗೆ ಬಂದಿದ್ದಳು. ಅವಳು ಮಂಚದ ಬಳಿ ಕುಳಿತಳು.

"ಅಪ್ಪಗ ಯಾಕ ಅಂಜಿದಿ, ಮೀನು?"

"ಟೀವ್ಯಾಗ ಕುಡಗೋಲ ತಂದಂವಾ ಮಗಳಿಗಿ ಕಡದಾನ."

ಯೋಗಿತಾ ತಾಯಿಯತ್ತ ತಿರುಗಿದಳು. "ಕೇಳಿದೇನವ್ವಾ? ಸಣ್ಣ ಮಕ್ಕಳಿಗಿ ನಾಟಕ ಯಾವ್ದು, ಖರೇ ಯಾವ್ದು ತಿಳಿಯಂಗಿಲ್ಲ."

"ನಾಚಿಕಿ ಬರೂವಂಥಾದ್ದು ಒಂದರೆ ನೋಡಗೊಟ್ಟೀನೇನು ನಾ?"

"ನಮ್ಮತ್ತಿ ಮನ್ಯಾಗ ಬ್ಯಾರೆ ಅದ. ಗಂಡ ಹೆಂಡತಿ ಅಪ್ಪಿಕೊಂಡ್ರ ಸುಮ್ಮ ಇರತಾರ, ಹೊಡದಾಟ ಬಂದ್ರ ಬಂದ್ ಮಾಡತಾರ. ಒಂದೊಂದು ಮನಿಗಿ ಒಂದೊಂದು ನಾಚಿಕಿ. ದೊಡ್ಡವರ ಖಾಸಗಿ ಸುದ್ದಿ ಕೂಸಿಗಿ ಬ್ಯಾಡ, ಅದು ಬರೋಬರಿ. ಆದ್ರ ಚೇಳಿನ ಜೀವ ಉಳಸೂ ಮನ್ಯಾಗ ಊಟದ ಹೊತ್ತಿಗಿ ಹೆಣ ಯಾಕವ್ವಾ?"

ಸರುಬಾಯಿ ಸಿಟ್ಟಿನಿಂದ ಎದ್ದು ರೊಟ್ಟಿ ಬಡಿಯಲು ಹೋದಳು.

ಸಂಜೆ ಎಲ್ಲರೂ ಊಟಕ್ಕೆ ಕುಳಿತರು. ಮೀನಲ ಅಪ್ಪನಿಂದ ದೂರ, ಅಜ್ಜಿಯ ಬೆನ್ನ ಹಿಂದೆ. ಟೀವಿಯಲ್ಲಿ ಊರಿಗೆ ಮರಳಿದ ಗಂಡನನ್ನು ಹೆಂಡತಿ ಅಪ್ಪಿಕೊಂಡಳು. ಸರುಬಾಯಿಯ ಹೆಬ್ಬೆರಳು ಎದ್ದಿತು, ಹಾಗೇ ನಿಂತಿತು.

"ಯಾಕ ಅಪ್ಪಿಕೊಂಡಾಳ, ಆಯಿ?" ಮೀನಲ ಅಜ್ಜಿಯನ್ನು ಕೇಳಿದಳು.

ಸರುಬಾಯಿ ಸೆರಗು ಸರಿಮಾಡಿಕೊಂಡಳು. "ಭಾಳ ದಿನಕ್ಕ ಮನಿಗಿ ಬಂದಾನಲ್ಲ, ಅದಕ."

ಮೀನಲ ಸ್ವಲ್ಪ ಯೋಚಿಸಿದಳು. "ಅಪ್ಪ ಭೀ ಬಂದಾನ" ಎಂದು ಎದ್ದು ಹೋಗಿ ಕೈಲಾಸನ ಕೊರಳಿಗೆ ಜೋತುಬಿದ್ದಳು. ಕೈಲಾಸನ ಕಣ್ಣು ತುಂಬಿತು.

ಅಷ್ಟರಲ್ಲಿ ತೆರೆಯ ಮೇಲೆ ಯಾರೋ ಕತ್ತಿ ಹಿರಿದ. "ಶಿವಶಿವಾ" ಎಂದ ಸರುಬಾಯಿ ಟೀವಿಯನ್ನೇ ಆರಿಸಿಬಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ರಿಮೋಟು ಯಾವುದನ್ನು ಕಂಡು ತಿರುಗುತ್ತದೆ? ಇವತ್ತೇ ಗಮನಿಸಿ. ಮಕ್ಕಳ ಜೊತೆ ಕುಳಿತು ನೋಡಿ, ಅವರು ಕೇಳಿದ್ದಕ್ಕೆ ಉತ್ತರ ಕೊಡಿ. ರಕ್ತ ಹರಿದರೆ ಆರಿಸಿಬಿಡಿ. ಟೀವಿಗೇನೂ ಬೇಸರವಾಗುವುದಿಲ್ಲ.