ಅಟ್ಟದ ಕೆಳಗೆ ನಿಂತವನು

ಅಟ್ಟದ ಮೆಟ್ಟಿಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ತಾಯಿಯನ್ನು ಮಗಳು ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ದಾರಿ ಬಿಡಮ್ಮ. ಅವರು ಮೇಲೆ ಹೋಗ್ಬೇಕಲ್ಲ."

ಹಾಡುವವರ ಅಟ್ಟ ಚರ್ಚಿನ ಹಿಂಬದಿಯಲ್ಲಿ, ದೊಡ್ಡ ಬಾಗಿಲ ಮೇಲೆಯೇ ಇತ್ತು. ಮಾಮೂಲಿ ಭಾನುವಾರಗಳಲ್ಲಿ ಹಾಡಲು ಹನ್ನೆರಡು ಜನ ಸೇರಿದರೆ ಹೆಚ್ಚು. ಇವತ್ತು ಶವದ ಪೂಜೆಗೆಂದು, ಮದುವೆಯಾಗಿ ಹೋದವರು, ಕೆಲಸ ಸಿಕ್ಕಿ ಊರು ಬಿಟ್ಟವರು, ಎಲ್ಲರೂ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟು ಬಂದು ನಿಂತಿದ್ದರು. ತಾಯಿ ಎಣಿಸಿದಳು. ನಲವತ್ತೊಂದು. ಅದರಲ್ಲಿ ಒಂಬತ್ತು ಮಕ್ಕಳು.

"ಕೆಳಗೇ ಹಾಡಿ ಟೀಚರ್," ಎಂದಳು. "ಪೀಠದ ಪಕ್ಕ. ನಮ್ಮ ಯಜಮಾನರಿಗೂ ಅದೇ ಇಷ್ಟ ಇತ್ತು."

ಗಾನವೃಂದವನ್ನು ಇಪ್ಪತ್ತು ವರ್ಷಗಳಿಂದ ನಡೆಸುತ್ತಿದ್ದ ಟೀಚರ್ ಶಾಲೆಯಿಂದ ನಿವೃತ್ತರಾಗಿದ್ದರೂ ದನಿಯಿಂದ ಆಗಿರಲಿಲ್ಲ. ಅವರು ಅವಳ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದುಕೊಂಡರು. "ಅವರು ಕೈಯಾರೆ ಮಾಡಿದ ಅಟ್ಟ ಕಣಮ್ಮ ಇದು. ಅವರನ್ನ ಕಳಿಸಿಕೊಡೋ ಹಾಡು ಅಲ್ಲಿಂದ ಬರದೆ ಇನ್ನೆಲ್ಲಿಂದ ಬರ್ಬೇಕು ಹೇಳಿ? ಹೋಗಿ ಮುಂದೆ ಕೂತ್ಕೊಳ್ಳಿ. ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿಲ್ವಂತೆ ನೀವು."

ಪೂಜಾವಸ್ತ್ರ ತೊಟ್ಟ ಫಾದರ್ ಅದೇ ಹೊತ್ತಿಗೆ ಆ ಕಡೆ ಬಂದರು. ಅವಳು ಅವರ ದಾರಿಗೆ ಅಡ್ಡ ಬಂದಳು.

"ಫಾದರ್, ನೀವಾದ್ರೂ ಹೇಳಿ ಇವರಿಗೆ."

ಅವರು ಅವಳ ಮುಖ ನೋಡಿದರು, ಅಟ್ಟದ ಕಡೆ ನೋಡಲಿಲ್ಲ. ತುಟಿ ಅಲುಗಿತು. "ಹಾಡಿನ ವಿಚಾರ ಟೀಚರ್‌ಗೆ ಬಿಟ್ಟಿದ್ದು," ಎಂದು ಹೇಗೋ ಹೇಳಿ, ಯಾರೋ ಅಟ್ಟಿಸಿಕೊಂಡು ಬಂದಂತೆ ಪೂಜಾವಸ್ತ್ರಗಳ ಕೋಣೆಗೆ ಹೊರಟುಹೋದರು. ಅವರಿಗೂ ಗೊತ್ತಿತ್ತು. ಆದರೆ ಅವರು ಬಾಯಿ ಬಿಡುವ ಹಾಗಿರಲಿಲ್ಲ.

ಮೊದಲ ಹೆಜ್ಜೆಗಳು ಮೆಟ್ಟಿಲು ಹತ್ತಿದವು.

*

ನಾಲ್ಕು ದಿನದ ಹಿಂದೆ, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಿಡುವ ಹೊತ್ತಿನಲ್ಲಿ, ಅವಳು ಗಂಡನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಅವನ ಉಗುರು ಕತ್ತರಿಸುತ್ತಿದ್ದಳು. ಫಾದರ್ ಆಗಷ್ಟೇ ಬಂದು, ಪರದೆ ಎಳೆದು, ಅವನ ಪಾಪನಿವೇದನೆ ಕೇಳಿ, ಹಣೆಗೆ ಪವಿತ್ರ ತೈಲ ಹಚ್ಚಿ ಅಭ್ಯಂಗ ಕೊಟ್ಟು ಹೋಗಿದ್ದರು. ಗಂಡನದು ನಲವತ್ತು ವರ್ಷ ಮರ ಕೆತ್ತಿದ ಕೈ. ಉಗುರಿನ ಸಂದಿನಲ್ಲಿ ಇನ್ನೂ ಅರಗಿನ ಬಣ್ಣ.

"ಅಟ್ಟದ ದೊಡ್ಡ ತೊಲೆ ಇದೆಯಲ್ಲ," ಎಂದ ಅವನು.

"ಈಗ್ಯಾಕೆ ತೊಲೆ ಮಾತು? ಸುಮ್ನೆ ಮಲಕ್ಕೊಳ್ಳಿ."

"ಅದು ಪೊಳ್ಳು ಕಣೇ."

ಅವಳ ಕೈ ನಿಂತಿತು. ಅವನು ಉಸಿರಿಗೊಂದೊಂದು ಮಾತಿನಂತೆ ಹೇಳಿದ. ಹನ್ನೊಂದು ವರ್ಷದ ಹಿಂದೆ ಚರ್ಚಿಗೆ ಐವತ್ತು ತುಂಬಿದಾಗ ಅಟ್ಟ ಹೊಸದು ಮಾಡುವ ಕೆಲಸ ಅವನಿಗೆ ಬಂದಿತ್ತು. ತೊಲೆಯನ್ನು ಹೊರಗಿನಿಂದ ತಟ್ಟಿ ನೋಡಿ, ಗಟ್ಟಿಯಾಗಿದೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದ. ಆಮೇಲೆ ಹಳೆಯ ಹಲಗೆ ಕಿತ್ತು ನೋಡಿದರೆ ಒಳಗೆಲ್ಲ ಗೆದ್ದಲು. ಮರವೆನ್ನುವುದು ಸಿಪ್ಪೆಯಷ್ಟು ಮಾತ್ರ. ತೊಲೆ ಬದಲಾಯಿಸಲು ಎರಡು ತಿಂಗಳು ಬೇಕು. ಬಿಷಪ್ಪರು ಬರಲು ಒಂಬತ್ತು ದಿನ ಉಳಿದಿತ್ತು.

"ಯಾರೂ ಇಲ್ದಾಗ ನಾನೊಬ್ಬನೇ ಹೊಸ ಹಲಗೆ ಹೊಡೆದು ಮುಚ್ಚಿದೆ. ಬಣ್ಣ ಬಳಿದೆ. ಎಲ್ಲ ಮುಗೀಲಿ, ಆಮೇಲೆ ಹೇಳೋಣ ಅಂತಲೇ ಇದ್ದೆ. ಆ ದಿನ ಬಿಷಪ್ಪರು ನನ್ನನ್ನ ಪೀಠದ ಹತ್ತಿರ ಕರೆದು ತಲೆ ಮೇಲೆ ಕೈ ಇಟ್ರು. ಜನ ಎಲ್ಲ ಚಪ್ಪಾಳೆ ಹೊಡೆದ್ರು. ಆ ಮೇಲೆ ಬಾಯೇ ಬರಲಿಲ್ಲ."

"ಫಾದರ್‌ಗೆ ಹೇಳಿದ್ರಾ?"

"ಈಗ ಹೇಳಿದೆ. ಪಾಪನಿವೇದನೇಲಿ ಕೇಳಿದ್ದನ್ನ ಅವರು ಯಾರಿಗೂ ಹೇಳೋ ಹಾಗಿಲ್ಲ. ಸನ್ನೇನೂ ಮಾಡೋ ಹಾಗಿಲ್ಲ. ಹೆಂಡತಿಗೆ ಹೇಳು, ಈಗಲೇ ಹೇಳು ಅಂದ್ರು." ಅವನು ಅವಳ ಮಣಿಕಟ್ಟು ಹಿಡಿದ. ಹಿಡಿತದಲ್ಲಿ ಬಲವಿರಲಿಲ್ಲ, ಭಯವಿತ್ತು. "ಜನ ಹತ್ತದ ಹಾಗೆ ನೋಡ್ಕೋ."

"ನಾನು ಏನಂತ ಹೇಳ್ಲಿ ಜನಕ್ಕೆ?"

ನರ್ಸ್ ಬಂದು ಹೊತ್ತಾಯಿತೆಂದಳು. ಮರುದಿನ ಅವನಿಗೆ ಮಾತು ನಿಂತಿತು. ಅದರ ಮರುದಿನ ಅವನೇ ಇರಲಿಲ್ಲ.

ಹೇಳಲು ಅವಳಿಗೆ ಧೈರ್ಯ ಬರಲಿಲ್ಲ. ಶವದ ಪೂಜೆಗೆ ಹತ್ತು ಜನ ಪೀಠದ ಪಕ್ಕ ನಿಂತು ಹಾಡುವುದು ರೂಢಿ. ಮಣ್ಣಾಗಲಿ, ಮಗಳು ಒಂದಿಷ್ಟು ಸುಧಾರಿಸಿಕೊಳ್ಳಲಿ, ಆಮೇಲೆ ನೋಡೋಣ ಎಂದುಕೊಂಡಳು. ಆಮೇಲೆ ಹೇಳೋಣವೆಂಬ ಮಾತು ತನ್ನ ಬಾಯಿಗೂ ಎಷ್ಟು ಸಲೀಸಾಗಿ ಬಂತು ಎಂಬುದು ಇವತ್ತು ಬೆಳಿಗ್ಗೆ, ಎಲ್ಲರೂ ಮೇಲಿನಿಂದಲೇ ಹಾಡುತ್ತಾರಂತೆ ಎಂದು ಮಗಳು ಹೇಳಿದಾಗ, ಅವಳಿಗೆ ಹೊಳೆದಿತ್ತು.

*

ಮುಂದಿನ ಬೆಂಚಿನಲ್ಲಿ ಕೂತಳು. ಎದುರಿಗೆ ಶವಪೆಟ್ಟಿಗೆ. ಅವಳ ಕಿವಿಯೆಲ್ಲ ಬೆನ್ನ ಹಿಂದಿತ್ತು. ಹದಿನೇಳು, ಹದಿನೆಂಟು. ಮಕ್ಕಳ ಹೆಜ್ಜೆ ಬೇರೆಯೇ ಕೇಳುತ್ತದೆ, ಧಡಧಡ.

ಹನ್ನೊಂದು ವರ್ಷ ಅವನು ಭಾನುವಾರದ ಪೂಜೆಗೆ ಬೆಂಚಿನಲ್ಲಿ ಕೂತವನಲ್ಲ. ಅಟ್ಟದ ಕೆಳಗೆ, ಬಾಗಿಲ ಪಕ್ಕ, ಕೊನೆಯವರೆಗೂ ನಿಂತೇ ಇರುತ್ತಿದ್ದ. ಜನ ಅವನಿಗೆ ಬಾಗಿಲಣ್ಣ ಎಂದೇ ಹೆಸರಿಟ್ಟಿದ್ದರು. ಬೈಬಲ್ಲಿನ ಶುಭಸಂದೇಶದಲ್ಲಿ ಬರುವ ಸುಂಕದವನ ಹಾಗೆ, ದೂರ ನಿಂತು ಕಣ್ಣೆತ್ತಲೂ ಅಂಜುವ ದೈನ್ಯ ಎಂದು ಹಿಂದಿನ ಫಾದರ್ ಒಮ್ಮೆ ಪ್ರಬೋಧನೆಯಲ್ಲೇ ಹೊಗಳಿದ್ದರು. ಅವಳಿಗೂ ಒಳಗೊಳಗೇ ಹೆಮ್ಮೆ. ಆದರೆ ಆ ಸುಂಕದವನು ಕಣ್ಣೆತ್ತಲಿಲ್ಲ. ಇವನು ಕಣ್ಣಿಳಿಸುತ್ತಲೇ ಇರಲಿಲ್ಲ.

ಒಂದು ಭಾನುವಾರ ಟೀಚರ್ ಮೊಮ್ಮಕ್ಕಳಿಬ್ಬರು ಮೇಲೆ ಕುಣಿದಾಡುತ್ತಿದ್ದಾಗ, ಪೂಜೆಯ ನಡುವೆಯೇ ಹತ್ತಿಹೋಗಿ ಕಿವಿ ಹಿಡಿದು ಇಳಿಸಿಕೊಂಡು ಬಂದಿದ್ದ. ಟೀಚರ್ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದರು. ಅವನೇ ಮನೆಗೆ ಹೋಗಿ ಕ್ಷಮೆ ಕೇಳಿ, ಕೆಳಗೆ ಹಾಡಿದರೆ ದನಿ ಚೆನ್ನಾಗಿ ಕೇಳುತ್ತದೆಂದು ಪುಸಲಾಯಿಸಿ, ಗಾನವೃಂದವನ್ನು ಪೀಠದ ಪಕ್ಕಕ್ಕೆ ತಂದಿದ್ದ. ಆದರೂ ಮದುವೆ, ದೊಡ್ಡ ಪೂಜೆಗಳು ಬಂದರೆ ಮತ್ತೆ ಅಟ್ಟವೇ. ಅಂಥ ದಿನ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. "ಪೂಜೆಗೆ ಹೋಗಿದ್ರೋ ಸೌದೆ ಒಡೆಯೋಕೆ ಹೋಗಿದ್ರೋ?" ಎಂದು ಅವಳು ನಗಾಡುತ್ತಿದ್ದಳು. ಸ್ವಂತ ತಂಗಿಯ ಮಗಳ ಮದುವೆ ಬೇರೆ ಊರಲ್ಲಿ ಭಾನುವಾರ ಬಿತ್ತೆಂದು ಅವನು ಹೋಗಲಿಲ್ಲ. ತಂಗಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಗಂಟೆ ಮೊಳಗಿತು. ಎಲ್ಲರೂ ಎದ್ದು ನಿಂತರು. ಫಾದರ್ ಪೀಠದ ಮುಂದೆ ಬಂದರು. ಮುಖ ಬಟ್ಟೆಯಷ್ಟೇ ಬಿಳಿಯಾಗಿತ್ತು. ಹಿಂದೆ, ಮೇಲೆ, ನಲವತ್ತೊಂದು ಗಂಟಲು ಒಟ್ಟಿಗೆ ಎದ್ದವು. ಹಾಡಿನ ಅಡಿಯಿಂದ ಇನ್ನೊಂದು ಸದ್ದು ಅವಳಿಗೆ ಕೇಳಿತು, ಯಾರೋ ಮಲಗಿದಲ್ಲೇ ಮಗ್ಗುಲು ಬದಲಾಯಿಸಿದಂಥದು.

ಅವಳು ಬೆಂಚು ಬಿಟ್ಟು ನಡೆದಳು. ಮಗಳು ಹಿಂದಿನಿಂದ ಕರೆದಳು. ಜನ ಕರುಣೆಯಿಂದ ದಾರಿ ಬಿಟ್ಟರು, ತಡೆಯಲಾರದೆ ಹೊರಗೆ ಹೋಗುತ್ತಿದ್ದಾಳೆ ಎಂದುಕೊಂಡು. ಅಟ್ಟದ ಕೆಳಗೆ ಬಂದು ತಲೆಯೆತ್ತಿದಳು. ಹಲಗೆಗಳ ಸೇರುವೆಯಿಂದ ಕಂದು ಪುಡಿ ನೂಲಿನಷ್ಟು ಸಣ್ಣಗೆ, ಒಂದೇ ಸಮನೆ ಇಳಿಯುತ್ತಿತ್ತು.

"ಇಳೀರಿ," ಎಂದಳು. ಹಾಡಿನಲ್ಲಿ ಮುಳುಗಿಹೋಯಿತು. ಮತ್ತೆ, ತನಗೇ ಗುರುತು ಸಿಗದ ದನಿಯಲ್ಲಿ ಕೂಗಿದಳು. "ಇಳೀರಿ ಎಲ್ಲ. ತೊಲೆ ಪೊಳ್ಳಾಗಿದೆ."

ಹಾಡು ಒಂದೊಂದೇ ಗಂಟಲಲ್ಲಿ ನಿಂತಿತು.

"ಪಾಪ, ದುಃಖಕ್ಕೆ ಏನೋ ಹೇಳ್ತಿದಾರೆ," ಎಂದರು ಯಾರೋ. ಟೀಚರ್ ಕಟಕಟೆಯಿಂದ ಬಗ್ಗಿದರು. "ಏನಮ್ಮ ಇದು, ಈ ಹೊತ್ತಲ್ಲಿ?"

"ಗೆದ್ದಲು ತಿಂದಿದೆ ಟೀಚರ್. ಇವರೇ ಮುಚ್ಚಿದ್ದು. ಗೊತ್ತಿದ್ದೇ ಮುಚ್ಚಿದ್ದು. ಸಾಯೋ ಮುಂಚೆ ನನಗೆ ಹೇಳಿದ್ರು."

ಪೀಠದ ಮುಂದೆ ಫಾದರ್ ಕಣ್ಣು ಮುಚ್ಚಿ ಮೆಟ್ಟಿಲ ಮೇಲೆ ಕುಸಿದು ಕೂತರು.

ಗಂಡನ ಜೊತೆ ಮೂವತ್ತು ವರ್ಷ ಕೆಲಸ ಮಾಡಿದ ಬಡಗಿ ಮುಂದೆ ಬಂದ. ಗರಗಸಕ್ಕೆ ಎರಡು ಬೆರಳು ಕೊಟ್ಟಿದ್ದ ಅವನನ್ನು ಎಲ್ಲರೂ ಮೂರುಬೆರಳು ಎಂದೇ ಕರೆಯುತ್ತಿದ್ದರು. ಹತ್ತೂ ಇದ್ದಿದ್ದರೆ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ ಎಂದು ಅವನೇ ನಗುತ್ತಿದ್ದ. ಈಗ ನಗುವಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ಬಿಗಿಯಲು ತಂದಿದ್ದ ಸ್ಕ್ರೂಡ್ರೈವರ್ ಅವನ ಜೇಬಿನಲ್ಲಿತ್ತು. ಬೆಂಚಿನ ಮೇಲೆ ಹತ್ತಿ ಹಲಗೆಗಳ ಸಂದಿಗೆ ಅದನ್ನು ಒತ್ತಿದ. ಹಿಡಿಯವರೆಗೂ ಹೋಯಿತು. ಹೊರಗೆಳೆದಾಗ ಅವನ ಮುಖದ ಮೇಲೆ ಮುಷ್ಟಿಯಷ್ಟು ಪುಡಿ ಸುರಿಯಿತು.

ಅವನು ಮುಖ ಒರೆಸಿಕೊಳ್ಳಲಿಲ್ಲ. ಬಹಳ ಮೆಲ್ಲಗೆ ಹೇಳಿದ: "ಯಾರೂ ಓಡಬೇಡಿ. ಮಕ್ಕಳು ಮೊದಲು. ಒಬ್ಬೊಬ್ಬರೇ, ಗೋಡೆ ಪಕ್ಕ ಕಾಲಿಟ್ಕೊಂಡು ಬನ್ನಿ."

"ಅಮ್ಮ, ಈಚೆ ಬಾ," ಎಂದಳು ಮಗಳು. ಅವಳು ಅಲುಗಲಿಲ್ಲ. ತೊಲೆಯ ಕೆಳಗೇ ನಿಂತು ಇಳಿದವರನ್ನು ಎಣಿಸಿದಳು. ಒಂಬತ್ತು. ಇಪ್ಪತ್ತು. ಮೂವತ್ತರ ಹೊತ್ತಿಗೆ ಮೇಲೆ ಏನೋ ಲಟಕ್ಕೆಂದಿತು. ಮೆಟ್ಟಿಲಲ್ಲಿದ್ದ ಹೆಂಗಸೊಬ್ಬಳು ಅಲ್ಲೇ ಕೂತುಬಿಟ್ಟಳು. ಕೈ ಹಿಡಿದು ಇಳಿಸಬೇಕಾಯಿತು. ನಲವತ್ತೊಂದನೆಯವರು ಟೀಚರ್. ಅವರು ಅವಳ ಮುಖ ನೋಡದೆ ದಾಟಿಹೋದರು.

ಮೂರುಬೆರಳು ಒಂದು ಹಲಗೆ ಸಡಿಲಿಸಿ ಒಳಗೆ ಇಣುಕಿದ. ಬಹಳ ಹೊತ್ತು ಇಣುಕಿದ.

"ಅತ್ತಿಗೆ," ಎಂದ. "ಒಳಗೆಲ್ಲ ಬೆಣೆ ಹೊಡೆದಿದಾನೆ. ಹತ್ತಲ್ಲ, ಇಪ್ಪತ್ತಲ್ಲ. ಒಂದೊಂದು ಒಂದೊಂದು ಥರದ ಮರ. ಯಾವಾಗ ಬಂದು ಹೊಡೀತಿದ್ನೋ. ಇಷ್ಟು ದಿನ ಇದು ನಿಂತಿರೋದು ಅವುಗಳ ಮೇಲೆ."

"ಇವತ್ತು ನಿಲ್ತಿತ್ತಾ?"

ಅವನು ಬೆಂಚಿನಿಂದ ಇಳಿದ.

"ದೊಡ್ಡ ಬಾಗಿಲಿಂದ ಯಾರೂ ಹೋಗ್ಬೇಡಿ," ಎಂದು ಫಾದರ್ ಎದ್ದು ನಿಂತು ಹೇಳಿದರು. ಅವರ ದನಿ ಮರಳಿತ್ತು.

*

ಪೂಜಾವಸ್ತ್ರಗಳ ಕೋಣೆಯ ಕಿರುಬಾಗಿಲಲ್ಲಿ ಪೆಟ್ಟಿಗೆ ನೇರವಾಗಿ ಹಿಡಿಸಲಿಲ್ಲ. ಆರು ಜನ ಅದನ್ನು ಓರೆ ಮಾಡಿ, ತಲೆಯ ಕಡೆ ಎತ್ತಿ, ಉಸಿರು ಬಿಗಿಹಿಡಿದು ಹೊರಗೆ ತಂದರು. ಸಮಾಧಿಗಳ ಪಕ್ಕದ ಅಂಗಳದಲ್ಲಿ ಮೇಜು ಹಾಕಿ ಪೀಠ ಮಾಡಿದರು. ಪಕ್ಕದ ಸಭಾಂಗಣದಿಂದ ಕುರ್ಚಿ ಬಂದವು. ಅವಳು ಕೊನೆಗೆ ಹೊರಬರುವಷ್ಟರಲ್ಲಿ ಮೊದಲ ಸಾಲು ತುಂಬಿತ್ತು. ಯಾರೂ ಏಳಲಿಲ್ಲ. ತಾಯಿ ಮಗಳು ಎರಡನೇ ಸಾಲಿನಲ್ಲಿ ಕೂತರು.

"ನನಗಾದ್ರೂ ಹೇಳ್ಬಹುದಿತ್ತಲ್ಲಮ್ಮ," ಎಂದಳು ಮಗಳು. ಮಗಳ ಎರಡೂ ಕೈ ತನ್ನ ಮಡಿಲಲ್ಲೇ ಇದ್ದವು.

ಹಿಂದಿನ ಸಾಲುಗಳ ಪಿಸುಮಾತು ಪಿಸುಮಾತಾಗಿ ಉಳಿದಿರಲಿಲ್ಲ.

"ನನ್ನ ಮಗಳ ಮದುವೆಗೆ ಮೇಲೆ ಐವತ್ತು ಜನ ಇದ್ರು. ಇವನು ಕೆಳಗೆ ನಿಂತು ನೋಡ್ತಾ ಇದ್ದ."

"ಬಿದ್ದಿದ್ರೆ ಮೊದಲು ಅವನ ತಲೆ ಮೇಲೇ ತಾನೆ ಬೀಳೋದು."

"ಅಷ್ಟಕ್ಕೆ ನಮ್ಮ ಮಕ್ಕಳು ಉಳೀತಿದ್ರಾ?"

"ಇವಳಿಗೆ ಯಾವಾಗಿಂದ ಗೊತ್ತಿತ್ತೋ."

ಪ್ರತಿ ಮಾತೂ ಅವಳ ಬೆನ್ನಿಗೆ ತಗುಲುತ್ತಿತ್ತು. ತಿರುಗಿ, ನಾಲ್ಕೇ ದಿನ ಎನ್ನಬೇಕೆನಿಸಿತು. ನಾಲ್ಕು ದಿನವೂ ಕಡಿಮೆಯಲ್ಲವೆನಿಸಿ ಸುಮ್ಮನಾದಳು. ಇವರ ನಡುವೆಯೇ ಮುಂದಿನ ಭಾನುವಾರವೂ ಬರಬೇಕು, ಅದರ ಮುಂದಿನದೂ. ಅಂಗಡಿಯಲ್ಲಿ, ಬಸ್ಸಿನಲ್ಲಿ, ದಾರಿಯಲ್ಲಿ ಇವೇ ಮುಖಗಳು.

ಫಾದರ್ ಪ್ರಬೋಧನೆಗೆಂದು ಬರೆದು ತಂದಿದ್ದ ಕಾಗದ ತೆಗೆದರು, ನೋಡಿದರು, ಮಡಚಿ ಪುಸ್ತಕದೊಳಗೆ ಇಟ್ಟರು. "ನಮ್ಮೆಲ್ಲರಿಗಾಗಿ ಪ್ರಾರ್ಥಿಸೋಣ," ಎಂದಷ್ಟೇ ಹೇಳಿ ಮುಂದುವರಿದರು. ಹಾಡುವವರು ಮಾತ್ರ ಹಾಡಲಿಲ್ಲ.

ಪರಮಪ್ರಸಾದಕ್ಕೆ ಮುಂಚಿನ ಆ ಘಳಿಗೆ ಬಂತು. ಪ್ರತಿ ಭಾನುವಾರ ಎಲ್ಲರೂ ಪಕ್ಕದವರ ಕಡೆ, ಹಿಂದಿನವರ ಕಡೆ ತಿರುಗಿ ಕೈ ಕುಲುಕಿ ಶಾಂತಿ ಕೋರುವ, ಇಡೀ ಚರ್ಚು ಗಿಜಿಗುಟ್ಟುವ ಹೊತ್ತು. ಫಾದರ್ ಅದನ್ನು ಬಿಟ್ಟು ಮುಂದೆ ಹೋಗಬಹುದಿತ್ತು.

"ಒಬ್ಬರಿಗೊಬ್ಬರು ಶಾಂತಿ ಕೋರಿರಿ," ಎಂದರು.

ಯಾರೂ ಅಲುಗಲಿಲ್ಲ. ಒಂದು ಕುರ್ಚಿ ಕಿರುಗುಟ್ಟಿ ಸುಮ್ಮನಾಯಿತು. ಅವಳು ನೆಲ ನೋಡುತ್ತ ಕೂತಳು. ಸರಿಯಾಗಿ ಅವಳ ಮುಂದೆ, ಮೊದಲ ಸಾಲಿನಲ್ಲಿ ಟೀಚರ್ ಇದ್ದರು. ಅವರ ಎರಡೂ ಮಗ್ಗುಲಿಗೆ ಮೊಮ್ಮಕ್ಕಳು ಒತ್ತಿಕೊಂಡಿದ್ದರು. ಇಬ್ಬರ ಹೆಗಲ ಮೇಲೂ ಅವರ ಕೈಗಳು ಬಿಗಿಯಾಗಿದ್ದವು.

ಟೀಚರ್ ತಿರುಗಲಿಲ್ಲ. ಅವರ ಕತ್ತು ಪೀಠದ ಕಡೆಗೇ ನೆಟ್ಟಿತ್ತು. ಆದರೆ ಬಲಗೈ ಮೊಮ್ಮಗಳ ಹೆಗಲು ಬಿಟ್ಟು, ಕುರ್ಚಿಯ ಬೆನ್ನಿನ ಮೇಲಿಂದ ನಿಧಾನವಾಗಿ ಹಿಂದಕ್ಕೆ ಬಂತು. ಅಂಗೈ ಮೇಲಾಗಿ ಬಿಚ್ಚಿಕೊಂಡು ಅಲ್ಲೇ ನಿಂತಿತು.

ಅವಳು ತನ್ನ ಕೈಯನ್ನು ಮಡಿಲ ಬಟ್ಟೆಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು.